ಬಾಯ್ಕಾಟ್ ಯಾರ ಹೆಸರು?

ಅಕ್ಕಾ,

ಸಿಯೋಲ್‌ಗೆ ಬಂದ ಮೇಲೆ ಮಂಡಿನೋವು ಇಳಿದಿದೆ, ಕೋಪ ಇಳಿದಿಲ್ಲ. ಇವತ್ತು ವಯಸ್ಕರ ಶಾಲೆಯಲ್ಲಿ 'ಬಾಯ್ಕಾಟ್' ಎಂಬ ಇಂಗ್ಲಿಷ್ ಕ್ರಿಯಾಪದ ಕಲಿಸಿದರು. ಬಹಿಷ್ಕರಿಸು ಎಂದರ್ಥ. ಅದು ಐರ್ಲೆಂಡಿನಲ್ಲಿ ಒಕ್ಕಲುಗಳನ್ನು ಗೋಳುಹೊಯ್ದುಕೊಂಡ ಪಾರುಪತ್ಯಗಾರನ ಹೆಸರಂತೆ! ಊರಿಗೆ ಊರೇ ಅವನ ಕೆಲಸ ಬಿಟ್ಟಿತಂತೆ.

"ಕೆಲಸ ಬಿಟ್ಟೋರ ಹೆಸರೇನು ಮೇಷ್ಟ್ರೇ?" ಎಂದೆ.

"ಅದು ಪರೀಕ್ಷೆಗೆ ಬರಲ್ಲ ಬಿಡಿ ಅಜ್ಜಿ. ಒಂದು ವಾಕ್ಯ ಮಾಡಿ."

ನಮ್ಮೂರ ಚಿಪ್ಪುಮೀನು ಶೆಡ್ಡಿನಲ್ಲಿ ಧಣಿ ಕೂಲಿ ಕಡಿಮೆ ಮಾಡಿದಾಗ ಮೊದಲು ಚಿಪ್ಪು ಬಿಡಿಸುವ ಚಾಕು ಕೆಳಗಿಟ್ಟವಳು ನೀನು. ಶೆಡ್ಡಿನ ಬೋರ್ಡಿನಲ್ಲಿ ಇವತ್ತಿಗೂ ಅವನದೇ ಹೆಸರು! ಹಿರಿಯರ ಹೆಸರು ಹಿಡಿಯಬಾರದೆಂದು ನಾವೆಲ್ಲ ನಿನ್ನನ್ನು ಬರೀ ಅಕ್ಕ ಎಂದೆವು. ಇವತ್ತು ನಿನ್ನ ಹೆಸರು ಹಿಡಿದೆ. "ನಾವು ಧಣಿಯನ್ನು ದಲ್‌ಸೂನ್ ಮಾಡಿದೆವು" ಎಂದು ಇಂಗ್ಲಿಷಿನಲ್ಲೇ ಹೇಳಿದೆ.

"ತಪ್ಪು" ಎಂದರು ಮೇಷ್ಟ್ರು.

ಇನ್ನೊಮ್ಮೆ, ಜೋರಾಗಿ ಹೇಳಿದೆ.

ತಂಗಿ ಮಲ್‌ಹೀ