ಗೆಂಡೆ ಮೀನಿನ ಪಿತ್ತ

ಅವ್ವಾ,

ಚಿನ್ನಮನೂರಿನಲ್ಲಿ ನೀನು ಮೀನು ಕೊಳ್ಳುತ್ತಿದ್ದ ಅಂಗಡಿಯಿಂದಲೇ ಗೆಂಡೆ ಮೀನಿನ ಪಿತ್ತ ತಂದು, ಇವತ್ತು ದಿಂಡಿಗಲ್ಲಿನ ನಮ್ಮ ಲ್ಯಾಬಿನಲ್ಲಿ ಮತ್ತೆ ಪರೀಕ್ಷೆ ಮಾಡಿದೆ. ಇದು ಆರನೇ ಸಲ. ಸಿಲಿಕಾ ಬಳಿದ ಗಾಜಿನ ಪ್ಲೇಟಿನ ಬುಡದಲ್ಲಿ ಪೆನ್ಸಿಲ್ ಗೆರೆ ಎಳೆದು, ಅದರ ಮೇಲೆ ಪಿತ್ತದ ಒಂದು ಹನಿ ಇಟ್ಟು ದ್ರಾವಕದಲ್ಲಿ ನಿಲ್ಲಿಸಿದೆ. ದ್ರಾವಕ ಮೇಲೇರುತ್ತ ಪಿತ್ತದಲ್ಲಿರುವುದನ್ನೆಲ್ಲ ಬೇರೆ ಬೇರೆ ಮಾಡುತ್ತದೆ; ಪ್ಲೇಟು ಓಡುವುದು ಅಂತ ನಾವನ್ನುವುದು ಇದಕ್ಕೇ. ಆಮೇಲೆ ಬಣ್ಣ ಬರಿಸುವ ರಾಸಾಯನಿಕ ಸಿಂಪಡಿಸಿ ಬಿಸಿ ಮಾಡಿದಾಗ ನೀಲಿ ಚುಕ್ಕೆಗಳು ಎದ್ದವು. ಬರದಿರಲಿ ಎಂದುಕೊಂಡ ಚುಕ್ಕೆ ಇವತ್ತೂ ಬಂತು. ಒಂದೇ ವಾರದಲ್ಲಿ ನಿನ್ನ ಕಿಡ್ನಿ ಮುಗಿಸಿ ನಿನ್ನನ್ನು ಒಯ್ದ ವಿಷ ಅದೇ.

ಆವತ್ತು ಫೋನಿನಲ್ಲಿ ನೀನು ಕೇಳಿದ್ದು ಇಷ್ಟೇ: "ಮೀನಿನ ಪಿತ್ತ ಹಸೀದೇ ನುಂಗಿದ್ರೆ ಸಕ್ಕರೆ ಕಾಯಿಲೆ ಇಳೀತದಂತೆ ತಾಯಿ. ನೀ ಓದಾದು ಪಿತ್ತ ತಾನೆ, ನುಂಗ್ಲಾ?"

"ಪ್ಲೇಟು ಓಡ್ತಾ ಅದೆ ಅವ್ವಾ. ಅರ್ಧ ಗಂಟೆ ಇರು, ನಾನೇ ಫೋನ್ ಮಾಡ್ತೀನಿ," ಎಂದೆ.

ಆವತ್ತಿನ ಪ್ಲೇಟು ಬಹಳ ಚೆನ್ನಾಗಿ ಬಂತು. ನನ್ನ ಪಿಎಚ್‌ಡಿ ಗೈಡಿಗೆ ತೋರಿಸಿದೆ. ಎಲ್ಲರೂ ಟೀ ಕುಡಿಯಲು ಹೋದೆವು.

ಎಷ್ಟು ಹೊತ್ತಿಗೆ ನುಂಗಿದರು ಎಂದು ಡಾಕ್ಟರು ಕೇಳಿದಾಗ ತಂಗಿ ಕಾರ್ತಿಕಾ ನನ್ನ ಮುಖ ನೋಡದೆ ಹೇಳಿದಳು: "ಅಕ್ಕನ ಫೋನು ಬತ್ತದೆ ಅಂತ ಸಂಜೆಗಂಟ ಬಟ್ಟಲು ಮುಚ್ಚಿಟ್ಕಂಡು ಕುಂತಿದ್ಲು. ಇನ್ನು ಕೆಟ್ಟೋಯ್ತದೆ ಅಂತ ಆಮೇಲೆ ನುಂಗಿದ್ಲು."

ಇವತ್ತು ಪ್ಲೇಟು ಓಡುವಷ್ಟು ಹೊತ್ತೂ ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದೆ. ನಾಳೆ ಬೆಳಿಗ್ಗೆ ಮತ್ತೆ ಚಿನ್ನಮನೂರಿಗೆ ಬರುತ್ತೇನೆ ಅವ್ವಾ. ಒಂದು ಮೀನಿನಲ್ಲಾದರೂ ಆ ಚುಕ್ಕೆ ಇಲ್ಲದಿರಬಹುದು.