ಅಪ್ಪನದೊಂದು ಒಳ್ಳೆಯ ಫೋಟೋ

ಮಾರ್ಚ್ ೧೪, ಮಧ್ಯಾಹ್ನ

ಮುದ್ದಿನ ಪಾಪಚ್ಚಿಗೆ ಅಮ್ಮನಿಂದ ತುಂಬು ಮನಸ್ಸಿನ ಆಶೀರ್ವಾದ.

ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಹೊಸ ಮನೆಯ ಹಜಾರದಲ್ಲಿ ಹಾಕಲು ಅಪ್ಪನದೊಂದು ಒಳ್ಳೆಯ ಫೋಟೋ ಕಳಿಸು, ನನ್ನ ಹತ್ತಿರ ಒಂದೂ ಇಲ್ಲ ಎಂದು ಬರೆದಿದ್ದೀಯ. ಅವತ್ತೇ ಪೆಟ್ಟಿಗೆ ತೆಗೆದು ಒಂದನ್ನು ಆರಿಸಿಟ್ಟಿದ್ದೆ, ನಗುತ್ತಿರುವುದನ್ನು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ನಿವೃತ್ತಿಯಾದರೂ ನರ್ಸ್ ಕೆಲಸದ ಹುಚ್ಚು ಬಿಡಲಿಲ್ಲ, ಹಾಸಿಗೆ ಹಿಡಿದ ಮುದುಕರನ್ನು ನೋಡಿಕೊಳ್ಳುವ ಕಡೆ ಸೇರಿಕೊಂಡಿದ್ದೇನೆ. ಹೋದ ತಿಂಗಳು ನಮ್ಮನ್ನೆಲ್ಲ ವ್ಯಾನಿಗೆ ತುಂಬಿ ಇಲ್ಲಿನ ದೊಡ್ಡಾಸ್ಪತ್ರೆಗೆ ಪಾಠ ಕೇಳಲು ಕಳಿಸಿದರು. ಪುರಾವೆ ನೋಡಿ ಆರೈಕೆ ಮಾಡುವುದು ಹೇಗೆ ಎಂಬ ಪಾಠ. ಹೇಳಿಕೊಡಲು ಯಾರೋ ಹೊರಗಿನವರು ಬರುತ್ತಾರೆಂದಿದ್ದರು. ನೋಡಿದರೆ ವೇದಿಕೆಯ ಮೇಲೆ ನೀನು. ನಮ್ಮೂರಿಗೆ ಬರುವುದನ್ನು ನನಗೆ ತಿಳಿಸಿರಲಿಲ್ಲ, ಇರಲಿ. ನೆಗಡಿಯಾಗಿ ಮಾಸ್ಕ್ ಹಾಕಿಕೊಂಡಿದ್ದೆ, ಕಂಬದ ಪಕ್ಕದ ಕುರ್ಚಿ ಬೇರೆ. ಪಾಠ ಮುಗಿದ ಮೇಲೆ ಬಂದು ಕಿವಿ ಹಿಂಡೋಣವೆಂದು ಸುಮ್ಮನೆ ಕುಳಿತೆ.

ಚೆನ್ನಾಗಿ ಹೇಳಿದೆ, ತಾಯಿ. ಹಿಂದಿನಿಂದ ಹೀಗೇ ಮಾಡಿಕೊಂಡು ಬಂದಿದ್ದೇವೆ ಎನ್ನುವುದು ಒಂದು ಕಾರಣವೇ ಅಲ್ಲ ಅಂದೆ. ಸಂಶೋಧನೆ ಏನು ಹೇಳುತ್ತದೆಂದು ಹುಡುಕಬೇಕು, ಅದು ನಂಬುವಂಥದ್ದೇ ಎಂದು ತೂಗಿ ನೋಡಬೇಕು, ನಮ್ಮ ಅನುಭವವನ್ನೂ ರೋಗಿಯ ಇಷ್ಟವನ್ನೂ ಜೊತೆಗಿಟ್ಟುಕೊಳ್ಳಬೇಕು ಅಂದೆ. ಆಮೇಲೆ ನೀನೇ ಕೇಳಿದೆ, ಮಲಗಿದವರ ಬೆನ್ನು ಕೆಂಪಾದರೆ ಈಗಲೂ ಸ್ಪಿರಿಟ್ ಹಾಕಿ ತಿಕ್ಕುವವರು ಯಾರಿದ್ದೀರಿ ಎಂದು. ನಾನೊಬ್ಬಳೇ ಕೈ ಎತ್ತಿದೆ.

"ಕೈ ಇಳಿಸಿ ಸಿಸ್ಟರ್," ಅಂದೆ ನೀನು. "ಆ ಕೈಯಿಂದ ಎಷ್ಟು ಜನರ ಬೆನ್ನು ಹಾಳಾಗಿದೆಯೋ."

ಎಲ್ಲರೂ ನಕ್ಕರು. ನಿನಗೆ ಜಡೆ ಹೆಣೆದ ಕೈ ಅದು, ನಿನಗೆ ಗುರುತು ಸಿಗಲಿಲ್ಲ.

ನಿನ್ನ ಮಾತು ನಿಜ. ಕೆಂಪಾದ ಜಾಗದ ಒಳಗೆ ಆಗಲೇ ಪೆಟ್ಟಾಗಿರುತ್ತದೆ, ತಿಕ್ಕಿದರೆ ಇನ್ನಷ್ಟು ಕೆಡುತ್ತದೆ. ಈಗ ಬಿಟ್ಟಿದ್ದೇನೆ. ಇಬ್ಬರು ಸೇರಿ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುತ್ತೇವೆ, ನಮ್ಮಲ್ಲಿ ಬೆನ್ನುಹುಣ್ಣು ಕಡಿಮೆಯಾಗಿದೆ. ನೀನು ಹೇಳಿದ್ದು ತಪ್ಪಾಗಿದ್ದರೆ ನನಗೆಷ್ಟೋ ಹಗುರವಾಗುತ್ತಿತ್ತು.

ಅಪ್ಪ ಹಾಸಿಗೆ ಹಿಡಿದಾಗಲೂ ಫೋನಿನಲ್ಲಿ ಇದನ್ನೇ ಹೇಳಿದ್ದೆಯಲ್ಲ. ಅಂಥ ದೊಡ್ಡ ಆಳನ್ನು ಒಬ್ಬಳೇ ಹೊರಳಿಸುವುದು ಹೇಗೆ, ಬಾರೇ ಎಂದು ಕರೆದರೆ ನೀನು ಸಂಶೋಧನೆಯ ಪ್ರತಿ ಕಳಿಸಿದೆ. ನಿನಗೆ ರಜೆ ಇರಲಿಲ್ಲ. ತಿಕ್ಕೇ, ಹಾಯಾಗುತ್ತೆ ಎಂದು ಅವರು ಗೋಗರೆಯುತ್ತಿದ್ದರು, ನಾನು ತಿಕ್ಕಿದೆ. ಹುಣ್ಣು ಬಾಯಿಬಿಟ್ಟ ಮೇಲೆ ಒಂದು ಭಾನುವಾರ ನೀನು ಬಂದೆ. ಮೊಬೈಲಿನಲ್ಲಿ ಹುಣ್ಣಿನ ಫೋಟೋ ತೆಗೆದುಕೊಂಡು, "ನಮ್ಮ ಡಾಕ್ಟರಿಗೆ ತೋರಿಸಿ ಔಷಧಿ ಕೇಳ್ತೀನಪ್ಪ" ಎಂದು ಹೇಳಿ ಸಂಜೆಯ ಬಸ್ಸು ಹತ್ತಿದೆ. ಅವರು ದಿನಾ ಕೇಳುತ್ತಿದ್ದರು, "ಪಾಪಚ್ಚಿ ಔಷಧಿ ಹೇಳಿದ್ಲೇನೇ?" ನಾಳೆ ಹೇಳುತ್ತಾಳಂತೆ ಎನ್ನುತ್ತಿದ್ದೆ. ಹಾಗೆ ಕಾಯುತ್ತಲೇ ಹೋದರು.

ಇರಲಿ. ನಿನ್ನ ಹೊಸ ಮನೆ ಬೆಳಗಲಿ. ಕೆಲಸದಲ್ಲಿ ಇನ್ನೂ ಮೇಲೇರು. ನೀನು ಹಾಸಿಗೆ ಹಿಡಿಯುವ ಕಾಲಕ್ಕೆ, ಎಲ್ಲವನ್ನೂ ಓದಿಕೊಂಡ ಮಗಳೊಬ್ಬಳು ನಿನಗೂ ಇರಲಿ.

ಇಂತಿ,
ನಿನ್ನ ಅಮ್ಮ

ಮರೆತಿದ್ದೆ. ಪಾಠ ಮುಗಿದ ಮೇಲೆ ನಾನೇಕೆ ಬಂದು ಮಾತಾಡಿಸಲಿಲ್ಲ ಎಂಬುದನ್ನು ಹೇಳಿಬಿಡುತ್ತೇನೆ. ಕೊನೆಗೆ ನೀನು ಪರದೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ಹುಣ್ಣಾದ ಒಂದು ಬೆನ್ನು ತೋರಿಸಿದೆ, ಕೆಳಗೆ "ಹೀಗೆ ಮಾಡಬಾರದು" ಎಂದು ಬರೆದು. ನನ್ನ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡು, "ಯಾವ ಪುಣ್ಯಾತ್ಗಿತ್ತಿ ನೋಡ್ಕೊಂಡ್ಲೋ" ಅಂದಳು. ಸೊಂಟದ ಎಡಕ್ಕೆ ಹುಣಸೆಬೀಜದಷ್ಟು ಮಚ್ಚೆ ಇತ್ತು. ನನ್ನ ಗಂಡನ ಮೈ ನನಗೆ ಗೊತ್ತಾಗದೆ ಇರುತ್ತದೆಯೇ? ಆರಿಸಿಟ್ಟಿದ್ದ ಫೋಟೋ ಮತ್ತೆ ಪೆಟ್ಟಿಗೆ ಸೇರಿತು. ಅಪ್ಪನದು ಒಂದೂ ಇಲ್ಲ ಎಂದು ಬರೆದಿದ್ದೀಯಲ್ಲ. ನಿನ್ನ ಹತ್ತಿರ ಒಂದಿದೆ ಮಗಳೇ, ಅದಕ್ಕೇ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕು.