ಪ್ರೋಗ್ರಾಂ ಕೊಡುವವಳು

ಬಾಳಗಡಿ
೧೨ ಫೆಬ್ರುವರಿ ೨೦೦೪

ನನ್ನ ರಮ್ಯಕ್ಕಾ,

ನೆಮ್ಮಾರಿನಲ್ಲಿ ನೀನು, ಭಾವ, ಮಗು ಚೆನ್ನಾಗಿದ್ದೀರಿ ತಾನೇ? ನನ್ನ ಸಂಬಂಧ ಯಾಕೆ ಮುರಿಯಿತು ಎಂದು ನೀನು ಫೋನಿನಲ್ಲಿ ಕೇಳಿದ್ದೆ. ನಮ್ಮ ಕಂಪ್ಯೂಟರ್ ಅಂಗಡಿಯ ಯಜಮಾನರು ಎದುರಿಗೇ ಇದ್ದರು, ಹೇಳಲಾಗಲಿಲ್ಲ.

ಹುಡುಗ ವಿಜಯನ ಜೊತೆ ಅವನ ದೊಡ್ಡಪ್ಪ ರೇಣುಕಪ್ಪ ಮುತ್ತಿನಕೊಪ್ಪಕ್ಕೆ, ನಮ್ಮ ಮನೆಗೆ ಬಂದಿದ್ದರು. ಹುಡುಗಿಗೆ ಏನು ಕೆಲಸ ಎಂದು ದೊಡ್ಡಪ್ಪ ಕೇಳಿದಾಗ ಅಮ್ಮ ಬೀಗುತ್ತಾ, "ಪ್ರೋಗ್ರಾಮರ್" ಅಂದಳು.

"ಹಂಗಂದ್ರೆ, ಪ್ರೋಗ್ರಾಂ ಕೊಡ್ತಾಳಾ?"

"ಹೌದು, ಶಾಲೆಯೋರು, ಆಸ್ಪತ್ರೆಯೋರು ಎಲ್ಲಾ ಕೇಳ್ಕೊಂಡು ಬರ್ತಾರೆ."

ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಮಾತು ಎತ್ತ ಹೋಗುತ್ತಿದೆ ಎಂದು ಹೊಳೆಯಲೇ ಇಲ್ಲ. ಆ ವಾರವೇ ಹೇಳಿ ಕಳಿಸಿದರು: ಆರ್ಕೆಸ್ಟ್ರಾದಲ್ಲಿ ಕುಣಿಯುವ ಹುಡುಗಿ ನಮ್ಮ ಮನೆಗೆ ಬೇಡ.

ಅಮ್ಮ ಊಟ ಬಿಟ್ಟಳು. ಆ ಕೆಲಸ ಬಿಡೇ ಎಂದು ಅತ್ತಳು. ಪ್ರೋಗ್ರಾಮರ್ ಎಂಬ ಪದದ ಅರ್ಥ ಅಮ್ಮನಿಗೂ ಗೊತ್ತಿಲ್ಲ ಎಂದು ನನಗೆ ತಿಳಿದದ್ದೇ ಆಗ, ಅಕ್ಕಾ. ಕಂಪ್ಯೂಟರ್ ಪುಸ್ತಕದ ಕನ್ನಡದಲ್ಲಿರುವ ಹಾಗೆ, ಕ್ರಮವಿಧಿ ಬರೆಯುವವಳು ಎಂದು ಹೇಳಿ ನೋಡಿದೆ. "ಎಂತ, ಪೂಜೆ ಭಟ್ಟರ ಕೆಲ್ಸವಾ?" ಅಂದಳು!

ಭಾನುವಾರ ಅಮ್ಮನನ್ನು ಇಲ್ಲಿ ಅಂಗಡಿಗೆ ಕರೆತಂದು ಕಂಪ್ಯೂಟರಿನ ಮುಂದೆ ಕೂರಿಸಿದೆ. ನಾಟಿಯ ದಿನ ಮೊದಲು ಸಸಿ ಕೀಳಿ, ಆಮೇಲೆ ಕಟ್ಟು ಕಟ್ಟಿ, ಆಮೇಲೆ ನೆಡಿ ಎಂದು ಗದ್ದೆಯವರು ಕೂಲಿಗೆ ಹೋದ ಅಮ್ಮನಿಗೆ ಹೇಳುತ್ತಾರಲ್ಲ, ಹಾಗೆ ಈ ಯಂತ್ರಕ್ಕೆ ಒಂದೊಂದಾಗಿ ಹೇಳಿಕೊಡುವುದು ನನ್ನ ಕೆಲಸ ಎಂದೆ. ಅಮ್ಮ ಕೀಲಿಮಣೆಯ ಮೇಲೆ ಬೆರಳಾಡಿಸಿದಳು.

"ಹಂಗಾರೆ ನೀನು ಹೇಳೋಳು. ನಾನು ಇಷ್ಟು ವರ್ಷ ಹೇಳಿಸ್ಕೊಂಡೋಳು."

ನನ್ನ ಕೈ ಹಿಡಿದುಕೊಂಡಳು.

ಸಂಜೆ ಮನೆಗೆ ಹೊರಟಾಗ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ರೇಣುಕಪ್ಪ ಕಂಡರು. ನಾನು ಬೇಡ ಬೇಡ ಎಂದರೂ ಅಮ್ಮ ನೇರ ಹೋಗಿ ನಿಂತಳು. "ನನ್ನ ಮಗಳು ಕುಣಿಯೋಳಲ್ಲ ಮಾರಾಯ್ರೇ, ಕಂಪ್ಯೂಟರಿಗೆ ಕೆಲ್ಸ ಹೇಳೋಳು. ಕುಣಿಯೋಳೇ ಆಗಿದ್ರೂ ನಿಮ್ಮ ಬಾಯಲ್ಲಿ ಆ ಮಾತು ಬರಬಾರ್ದಿತ್ತು."

ಅವರು ಎನ್.ಆರ್. ಪುರದ ಬಸ್ಸು ಹತ್ತಿದರು. ನಾವೂ ಅದಕ್ಕೇ ಹೋಗಬೇಕಿತ್ತು, ಅಮ್ಮ ಹತ್ತಲಿಲ್ಲ. ಮುಂದಿನ ಬಸ್ಸು ಬರುವವರೆಗೆ ಕಲ್ಲುಬೆಂಚಿನ ಮೇಲೆ ಕೂತು ನಾವಿಬ್ಬರೂ ಗೋಳಿಬಜೆ ತಿಂದೆವು. ಅಮ್ಮ ಎರಡನೇ ಸಲ ತರಿಸಿದಳು.

ಮಗುವಿಗೆ ಮುತ್ತು ಕೊಡು.

ನಿನ್ನ ತಂಗಿ,
ಪವಿತ್ರಾ

ತಾ.ಕ.: ನಿನ್ನೆ ವಿಜಯ, ದೊಡ್ಡಪ್ಪನಿಂದ ವಿಷಯ ತಿಳಿದು, ಒಬ್ಬನೇ ಅಂಗಡಿಗೆ ಬಂದಿದ್ದ. ಅವತ್ತೇ ಯಾಕೆ ಹೇಳಲಿಲ್ಲ ಅಂದ. ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲ ಅಂದೆ. ತಲೆ ತಗ್ಗಿಸಿದ. ಆಮೇಲೆ, "ಈಗ ಕೇಳ್ತಿದೀನಿ" ಅಂದು ಕುರ್ಚಿ ಎಳೆದುಕೊಂಡು ಕೂತ. ಅಮ್ಮನಿಗೆ ಇನ್ನೂ ಹೇಳಿಲ್ಲ.